ವೈಫೈ ಹೋದದ್ದು ಕಿವಿಗೆ ತಿಳಿಯಬೇಕಾದರೆ: ಸ್ಕ್ರೀನ್ ರೀಡರ್ ಬಳಸುವವರಿಗೆ ಒಂದು ಮಾರ್ಗದರ್ಶಿ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ, ಶಿರಸಿಯ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಆನ್‌ಲೈನ್ ಸಭೆಯೊಂದರಲ್ಲಿ ವರದಿ ಒಪ್ಪಿಸುತ್ತಿದ್ದೆ. ಹತ್ತು ನಿಮಿಷ ಮಾತಾಡಿದರೂ ಯಾರೊಬ್ಬರೂ ನಡುವೆ ಬಾಯಿ ಹಾಕಲಿಲ್ಲ. ಇಷ್ಟು ತಾಳ್ಮೆಯ ಕೇಳುಗರು ಇದೇ ಮೊದಲು ಸಿಕ್ಕರು ಎಂದುಕೊಂಡು ಉಳಿದದ್ದನ್ನೂ ಹೇಳಿ ಮುಗಿಸಿದೆ. ಒಳಗಿನಿಂದ ಬಂದ ಆಯಿ ರೂಟರನ್ನು ನೋಡಿ, "ತಮಾ, ಪೆಟ್ಗೆ ದೀಪ ಕೆಂಪಾಜು" ಎಂದಾಗಲೇ, ನನ್ನ ಮಾತು ಜಗಲಿಯ ಗೋಡೆಯನ್ನು ದಾಟಿರಲೇ ಇಲ್ಲ ಎಂದು ಗೊತ್ತಾದದ್ದು. ತೋಟದ ಅಂಚಿನಲ್ಲಿ ಮರದ ಟೊಂಗೆಯೊಂದು ಬಿದ್ದು ಫೈಬರ್ ತಂತಿ ತುಂಡಾಗಿತ್ತು.

ಕಣ್ಣಿದ್ದವರಿಗೆ ಇಂಥ ಪೇಚು ಅಪರೂಪ, ಏಕೆಂದರೆ ಪರದೆಯ ಮೂಲೆಯಲ್ಲಿರುವ ಬೀಸಣಿಗೆಯಂಥ ಚಿತ್ರ ಬದಲಾದದ್ದು ಬೇರೆ ಕೆಲಸದ ನಡುವೆಯೂ ಅವರ ಕಣ್ಣಿಗೆ ಬೀಳುತ್ತದೆ. ಪರದೆಯ ಮೇಲಿರುವುದನ್ನು ನಮಗೆ ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಎರಡು ಸಂದರ್ಭಗಳಲ್ಲಿ ಮಾತ್ರ ಮಾತಾಡುತ್ತದೆ: ಒಂದೋ ನಾವು ಆ ವಸ್ತುವಿನ ಮೇಲೆ ಹೋಗಿ ನಿಲ್ಲಬೇಕು, ಇಲ್ಲವೇ ಆ ವಸ್ತುವನ್ನು ಮಾಡಿದವರು ಬದಲಾವಣೆಯನ್ನು ಸಾರಿ ಹೇಳುವ ವ್ಯವಸ್ಥೆಯನ್ನು ಅದರೊಳಗೆ ಇಟ್ಟಿರಬೇಕು. ವಿಂಡೋಸ್‌ನ ವೈಫೈ ಚಿಹ್ನೆ ತಾನು ಬದಲಾದದ್ದನ್ನು ತಾನಾಗಿ ಸಾರುವುದಿಲ್ಲ. ಆದ್ದರಿಂದ ನಾವೇ ಹೋಗಿ ಕೇಳಬೇಕು, ಅಥವಾ ಅದು ಕೂಗುವಂತೆ ಏರ್ಪಾಡು ಮಾಡಿಕೊಳ್ಳಬೇಕು. ಎರಡಕ್ಕೂ ದಾರಿ ಇದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಆ ಪುಟ್ಟ ಚಿತ್ರ ಒಂದೇ ನೋಟದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ: ಯಂತ್ರ ರೂಟರಿಗೆ ಸೇರಿಕೊಂಡಿದೆಯೇ, ಸಿಗ್ನಲ್ ಎಷ್ಟು ಗಟ್ಟಿಯಾಗಿದೆ, ಮತ್ತು ರೂಟರಿನ ಆಚೆಗೆ ಇಂಟರ್ನೆಟ್ ಇದೆಯೇ. ಕಿವಿಯಿಂದ ಕೆಲಸ ಮಾಡುವವರು ಈ ಮೂರನ್ನೂ ಬಿಡಿಸಿ, ಇದೇ ಕ್ರಮದಲ್ಲಿ ಒಂದೊಂದಾಗಿ ಕೇಳಬೇಕಾಗುತ್ತದೆ. "ಕನೆಕ್ಟೆಡ್" ಎಂಬ ಒಂದೇ ಮಾತನ್ನು ನಂಬಿ ಕುಳಿತರೆ ನನಗಾದ ಗತಿಯೇ ಆಗುತ್ತದೆ. ಆ ದಿನವೂ ಲ್ಯಾಪ್‌ಟಾಪ್ ರೂಟರಿಗೆ ಸೇರಿಕೊಂಡೇ ಇತ್ತು. ಕಡಿದದ್ದು ಮೂರನೆಯ ಕೊಂಡಿ.

ಟಾಸ್ಕ್‌ಬಾರಿನಲ್ಲಿ ಕೇಳುವುದು

ಇಲ್ಲಿ ವಿವರಿಸುವುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು ಬಳಸುವ ಕ್ರಮವನ್ನು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದರೊಂದಿಗೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಬಳಸುವವರಿಗೂ ವಿಂಡೋಸ್‌ನ ಕೀಲಿಗಳು ಇವೇ. ಅವರಿಗೆ ಇನ್ಸರ್ಟ್ ಮತ್ತು ಎಫ್11 ಒತ್ತಿದರೆ ಮೂಲೆಯ ಚಿಹ್ನೆಗಳು ಪಟ್ಟಿಯಾಗಿಯೇ ತೆರೆದುಕೊಳ್ಳುವ ಹೆಚ್ಚಿನ ಅನುಕೂಲವಿದೆ.

ವಿಂಡೋಸ್ ಕೀಲಿಯನ್ನು ಹಿಡಿದು ಬಿ ಅಕ್ಷರವನ್ನು ಒತ್ತಿದರೆ ಗಮನ ಪರದೆಯ ಮೂಲೆಗೆ ಹೋಗುತ್ತದೆ. ಮೊದಲು ಕೇಳಿಸುವುದು ಸಾಮಾನ್ಯವಾಗಿ ಅಡಗಿದ ಚಿಹ್ನೆಗಳನ್ನು ತೋರಿಸುವ ಗುಂಡಿ. ಅಲ್ಲಿಂದ ಬಲ ಬಾಣದ ಕೀಲಿಯಲ್ಲಿ ಮುಂದೆ ಸಾಗಿದರೆ "ನೆಟ್‌ವರ್ಕ್" ಎಂಬ ಮಾತು, ಅದರ ಬೆನ್ನಿಗೆ ನಿಮ್ಮ ವೈಫೈ ಹೆಸರು, ಆಮೇಲೆ "ಇಂಟರ್ನೆಟ್ ಆ್ಯಕ್ಸೆಸ್" ಅಥವಾ "ನೋ ಇಂಟರ್ನೆಟ್" ಎಂಬುದು ಕೇಳಿಸುತ್ತದೆ. ವಿಂಡೋಸ್ 11ರಲ್ಲಿ ನೆಟ್‌ವರ್ಕ್, ಧ್ವನಿ, ಬ್ಯಾಟರಿ ಮೂರೂ ಒಂದೆಡೆ ಒಟ್ಟುಗೂಡಿರುವುದರಿಂದ ಓದುವ ಕ್ರಮ ಆವೃತ್ತಿಯಿಂದ ಆವೃತ್ತಿಗೆ ಕೊಂಚ ಬದಲಾಗಬಹುದು. ಹೆಸರು ಕೇಳಿದೊಡನೆ ಮಾತನ್ನು ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗಿದೆ, ಆದರೆ ಬೇಕಾದ ಮಾತು ಇರುವುದು ಹೆಸರಿನ ನಂತರ.

ಈ "ಇಂಟರ್ನೆಟ್ ಆ್ಯಕ್ಸೆಸ್" ಎಂಬ ಉತ್ತರ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದಿದ್ದರೆ ಅದನ್ನು ಎಷ್ಟು ನಂಬಬಹುದು ಎಂಬುದೂ ತಿಳಿಯುತ್ತದೆ. ವಿಂಡೋಸ್ ಮೈಕ್ರೋಸಾಫ್ಟ್‌ನ ಒಂದು ವಿಳಾಸದಿಂದ ಚಿಕ್ಕ ಪಠ್ಯ ಕಡತವೊಂದನ್ನು ತರಿಸಿ ನೋಡುತ್ತದೆ. ಅದರಲ್ಲಿ "ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್" ಎಂಬ ಮೂರು ಪದಗಳಲ್ಲದೆ ಬೇರೇನೂ ಇರುವುದಿಲ್ಲ. ಅದು ಸರಿಯಾಗಿ ಬಂದರೆ ಇಂಟರ್ನೆಟ್ ಇದೆ, ಬಾರದಿದ್ದರೆ ಇಲ್ಲ ಎಂಬುದು ಅದರ ಲೆಕ್ಕ. ಈ ಪರೀಕ್ಷೆ ಪ್ರತಿ ಕ್ಷಣವೂ ನಡೆಯುವುದಿಲ್ಲವಾದ್ದರಿಂದ, ತಂತಿ ಕಡಿದ ಮೇಲೆಯೂ ಸ್ವಲ್ಪ ಹೊತ್ತು ಚಿಹ್ನೆ ಹಳೆಯ ಉತ್ತರವನ್ನೇ ಹೇಳುತ್ತಿರಬಹುದು. ಗೋಕರ್ಣದಂಥ ಊರುಗಳ ವಸತಿಗೃಹಗಳಲ್ಲಿ ವೈಫೈಗೆ ಸೇರಿದ ಮೇಲೂ ಬ್ರೌಸರಿನಲ್ಲಿ ಕೊಠಡಿಯ ಸಂಖ್ಯೆಯನ್ನೋ ಗುಪ್ತಪದವನ್ನೋ ಕೇಳುವ ಪುಟವಿದ್ದರೆ ಈ ಪರೀಕ್ಷೆ ಅದಕ್ಕೆ ತಗುಲಿ ನಿಲ್ಲುತ್ತದೆ. ಆಗ ಬ್ರೌಸರನ್ನು ತೆರೆದು ಆ ಪುಟವನ್ನು ತುಂಬುವವರೆಗೆ ಬೇರಾವುದೂ ನಡೆಯುವುದಿಲ್ಲ.

ಬೇರೆ ನೆಟ್‌ವರ್ಕಿಗೆ ಸೇರಬೇಕಾದರೆ ವಿಂಡೋಸ್ 11ರಲ್ಲಿ ವಿಂಡೋಸ್ ಕೀಲಿಯೊಂದಿಗೆ ಎ ಒತ್ತಬೇಕು. ಇಲ್ಲೊಂದು ಎಚ್ಚರ ಅಗತ್ಯ. ಮೊದಲು ಸಿಗುವ ವೈಫೈ ಗುಂಡಿ ಪಟ್ಟಿಯನ್ನು ತೆರೆಯುವ ಗುಂಡಿಯಲ್ಲ, ವೈಫೈಯನ್ನೇ ಆರಿಸುವ ಮತ್ತು ಹೊತ್ತಿಸುವ ಗುಂಡಿ. ಏನೆಂದು ಕೇಳಿಸಿಕೊಳ್ಳದೆ ಸ್ಪೇಸ್ ಒತ್ತಿದವರು ಇದ್ದ ಸಂಪರ್ಕವನ್ನೂ ಕಳೆದುಕೊಳ್ಳುತ್ತಾರೆ. "ಟಾಗಲ್ ಬಟನ್ ಪ್ರೆಸ್ಡ್" ಎಂದು ಕೇಳಿದರೆ ವೈಫೈ ಚಾಲೂ ಇದೆ ಎಂದರ್ಥ. ಅದರ ಬಲಕ್ಕಿರುವ "ಮ್ಯಾನೇಜ್ ವೈಫೈ ಕನೆಕ್ಷನ್ಸ್" ಎಂಬ ಗುಂಡಿಯ ಮೇಲೆ ಎಂಟರ್ ಒತ್ತಿದರೆ ಸುತ್ತಲಿನ ನೆಟ್‌ವರ್ಕ್‌ಗಳ ಪಟ್ಟಿ ಬರುತ್ತದೆ. ಬೇಕಾದುದರ ಮೇಲೆ ಎಂಟರ್, ಮತ್ತೆ "ಕನೆಕ್ಟ್", ಗುಪ್ತಪದ, ಎಂಟರ್, ಅಷ್ಟೇ.

ಒಂದೇ ಕೀಲಿಯಲ್ಲಿ ಸಿಗ್ನಲ್ಲಿನ ಶೇಕಡಾವಾರು

ಚಿಹ್ನೆಯಿಂದ ಸಿಗ್ನಲ್ಲಿನ ಬಲ ಎಷ್ಟೆಂದು ನಿಖರವಾಗಿ ತಿಳಿಯುವುದಿಲ್ಲ. ನೋಡುವವರಿಗೂ ಅಲ್ಲಿ ಸಿಗುವುದು ಮೂರು ನಾಲ್ಕು ಕಮಾನುಗಳಷ್ಟೇ. ಈ ಒಂದು ವಿಷಯದಲ್ಲಿ ನಾವು ಅವರಿಗಿಂತ ಒಂದು ಹೆಜ್ಜೆ ಮುಂದಿರಬಹುದು, ಏಕೆಂದರೆ ವಿಂಡೋಸ್‌ನ ಆಜ್ಞೆಯೊಂದು ಸಿಗ್ನಲ್ಲನ್ನು ಶೇಕಡಾ ಅಂಕಿಯಲ್ಲಿ ಹೇಳುತ್ತದೆ. ಅದನ್ನು ಕೀಲಿಯೊಂದಕ್ಕೆ ಕಟ್ಟಿಟ್ಟುಕೊಳ್ಳುವುದು ಒಮ್ಮೆ ಮಾಡಿ ಮುಗಿಸುವ ಕೆಲಸ. ಕೇಳಿ ಟೈಪಿಸುವವರಿಗೆ ಅನುಕೂಲವಾಗಲೆಂದು ಆಜ್ಞೆಗಳ ಅಕ್ಷರಗಳನ್ನು ಬಿಡಿಸಿ ಬರೆದಿದ್ದೇನೆ. ಟೈಪಿಸಬೇಕಾದದ್ದು ಇಂಗ್ಲಿಷ್ ಅಕ್ಷರಗಳಲ್ಲಿ.

ವಿಂಡೋಸ್ ಕೀಲಿಯೊಂದಿಗೆ ಡಿ ಒತ್ತಿ ಡೆಸ್ಕ್‌ಟಾಪಿಗೆ ಬನ್ನಿ. ಯಾವ ಚಿಹ್ನೆಯೂ ಆಯ್ಕೆಯಾಗಿರದಂತೆ ನೋಡಿಕೊಂಡು ಶಿಫ್ಟ್ ಮತ್ತು ಎಫ್10 ಒತ್ತಿ, ಮೆನುವಿನಲ್ಲಿ "ನ್ಯೂ", ಅದರೊಳಗೆ "ಶಾರ್ಟ್‌ಕಟ್" ಆರಿಸಿ. ಸ್ಥಳವನ್ನು ಕೇಳುವ ಪೆಟ್ಟಿಗೆಯಲ್ಲಿ ಹೀಗೆ ಟೈಪಿಸಬೇಕು: ಸಿ-ಎಂ-ಡಿ, ಖಾಲಿ ಜಾಗ, ಸ್ಲ್ಯಾಶ್ ಮತ್ತು ಸಿ, ಖಾಲಿ ಜಾಗ, ಎನ್-ಇ-ಟಿ-ಎಸ್-ಎಚ್, ಖಾಲಿ ಜಾಗ, ಡಬ್ಲ್ಯು-ಎಲ್-ಎ-ಎನ್, ಖಾಲಿ ಜಾಗ, ಶೋ, ಖಾಲಿ ಜಾಗ, ಇಂಟರ್‌ಫೇಸಸ್, ಖಾಲಿ ಜಾಗ, ಪೈಪ್ ಚಿಹ್ನೆ, ಖಾಲಿ ಜಾಗ, ಎಫ್-ಐ-ಎನ್-ಡಿ-ಎಸ್-ಟಿ-ಆರ್, ಖಾಲಿ ಜಾಗ, ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಸ್ಟೇಟ್, ಎಸ್‌ಎಸ್‌ಐಡಿ, ಸಿಗ್ನಲ್ ಎಂಬ ಮೂರು ಪದಗಳು, ಆಮೇಲೆ ಖಾಲಿ ಜಾಗ, ಮತ್ತೆ ಪೈಪ್ ಚಿಹ್ನೆ, ಖಾಲಿ ಜಾಗ, ಕೊನೆಗೆ ಕ್ಲಿಪ್. ಪೈಪ್ ಎಂಬುದು ಎಂಟರ್ ಕೀಲಿಯ ಮೇಲಿರುವ ಬ್ಯಾಕ್‌ಸ್ಲ್ಯಾಶನ್ನು ಶಿಫ್ಟ್ ಹಿಡಿದು ಒತ್ತಿದರೆ ಬರುವ ನೆಟ್ಟಗಿನ ಗೆರೆ. ಸ್ಟೇಟ್ ಮತ್ತು ಸಿಗ್ನಲ್ ಪದಗಳ ಮೊದಲ ಅಕ್ಷರ ದೊಡ್ಡದಿರಬೇಕು, ಎಸ್‌ಎಸ್‌ಐಡಿಯ ಎಲ್ಲ ಅಕ್ಷರಗಳೂ ದೊಡ್ಡವಿರಬೇಕು. ಈ ಹುಡುಕುವ ಆಜ್ಞೆಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಭೇದ ಬಹಳ. ಬಳಿಕ "ನೆಕ್ಸ್ಟ್" ಒತ್ತಿ, ಒಂದು ಹೆಸರು ಕೊಟ್ಟು, "ಫಿನಿಶ್" ಮಾಡಿ.

ಈಗ ಆ ಶಾರ್ಟ್‌ಕಟ್ಟಿನ ಮೇಲೆ ನಿಂತು ಆಲ್ಟ್ ಮತ್ತು ಎಂಟರ್ ಒತ್ತಿದರೆ ಅದರ ಗುಣವಿವರಗಳು ತೆರೆಯುತ್ತವೆ. ಟ್ಯಾಬ್ ಒತ್ತುತ್ತ "ಶಾರ್ಟ್‌ಕಟ್ ಕೀ" ಎಂಬಲ್ಲಿಗೆ ಬಂದು ಡಬ್ಲ್ಯು ಒತ್ತಿದರೆ ಅದು ತಾನಾಗಿ ಕಂಟ್ರೋಲ್, ಆಲ್ಟ್, ಡಬ್ಲ್ಯು ಎಂದಾಗುತ್ತದೆ. ಮುಂದಿನ "ರನ್" ಎಂಬ ಪೆಟ್ಟಿಗೆಯಲ್ಲಿ "ಮಿನಿಮೈಸ್ಡ್" ಆರಿಸಿದರೆ ಕಪ್ಪು ಕಿಟಕಿ ಮುಂದೆ ಬಂದು ಮಾತಿಗೆ ಅಡ್ಡಿಯಾಗುವುದಿಲ್ಲ. ಎಂಟರ್ ಒತ್ತಿ ಮುಚ್ಚಿ.

ಇನ್ನು ಮುಂದೆ ಯಾವ ಕಿಟಕಿಯಲ್ಲಿದ್ದರೂ ಕಂಟ್ರೋಲ್, ಆಲ್ಟ್, ಡಬ್ಲ್ಯು ಒತ್ತಿ, ಒಂದೆರಡು ಕ್ಷಣ ಬಿಟ್ಟು ಎನ್‌ವಿಡಿಎ ಕೀಲಿಯೊಂದಿಗೆ (ಸಾಮಾನ್ಯವಾಗಿ ಅದು ಇನ್ಸರ್ಟ್) ಸಿ ಒತ್ತಿದರೆ ಸಾಕು. ಆ ಕೀಲಿ ಕ್ಲಿಪ್‌ಬೋರ್ಡಿನಲ್ಲಿರುವ ಪಠ್ಯವನ್ನು ಓದುತ್ತದೆ. ಕನೆಕ್ಟೆಡ್ ಹೌದೋ ಅಲ್ಲವೋ, ವೈಫೈ ಹೆಸರೇನು, ಸಿಗ್ನಲ್ ಶೇಕಡಾ ಎಷ್ಟು ಎಂಬುದೆಲ್ಲ ಒಂದೇ ಉಸಿರಿನಲ್ಲಿ ಕೇಳಿಸುತ್ತದೆ. ಹುಡುಕುವ ಆಜ್ಞೆಯನ್ನು ನಡುವೆ ಸೇರಿಸಿದ್ದಕ್ಕೆ ಕಾರಣವಿದೆ: ಪಠ್ಯ ಬಹಳ ಉದ್ದವಾದರೆ ಎನ್‌ವಿಡಿಎ ಅದನ್ನು ಓದದೆ, ಇಷ್ಟು ಅಕ್ಷರಗಳಿವೆ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಇದರಲ್ಲಿ ಒಂದು ನಷ್ಟವೂ ಇದೆ. ನೀವು ಮೊದಲೇ ನಕಲು ಮಾಡಿಟ್ಟ ಪಠ್ಯ ಕ್ಲಿಪ್‌ಬೋರ್ಡಿನಿಂದ ಅಳಿಸಿಹೋಗುತ್ತದೆ, ಆದ್ದರಿಂದ ಅದನ್ನು ಅಂಟಿಸಿ ಮುಗಿಸಿದ ಮೇಲೆ ಕೇಳುವುದು ಒಳ್ಳೆಯದು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ ಈ ಮಾಹಿತಿಗೆ ಸ್ಥಳದ ಅನುಮತಿಯೂ ಬೇಕಾಗಿದೆ. ಏನೂ ಓದದಿದ್ದರೆ ಸೆಟ್ಟಿಂಗ್ಸ್‌ನ "ಪ್ರೈವಸಿ ಆ್ಯಂಡ್ ಸೆಕ್ಯುರಿಟಿ" ಭಾಗದಲ್ಲಿ "ಲೊಕೇಶನ್" ಚಾಲೂ ಇದೆಯೇ ಎಂದು ನೋಡಿ.

ಈ ಅಂಕಿಯನ್ನು ಹಿಡಿದುಕೊಂಡು ಮನೆಯೊಳಗೆ ಒಮ್ಮೆ ನಡೆದಾಡಿ ಬನ್ನಿ. ಚಿರೆಕಲ್ಲಿನ ದಪ್ಪ ಗೋಡೆಗಳ ನಮ್ಮ ಮನೆಗಳಲ್ಲಿ ಜಗಲಿಯಲ್ಲಿ 90ರ ಮೇಲಿದ್ದದ್ದು ಒಳಕೋಣೆಗೆ ಹೋಗುವಷ್ಟರಲ್ಲಿ ಅರ್ಧಕ್ಕಿಳಿಯುವುದುಂಟು. ನನ್ನ ಅನುಭವದಲ್ಲಿ 40ಕ್ಕಿಂತ ಕೆಳಗೆ ಸಭೆಯ ಮಾತು ತುಂಡುತುಂಡಾಗುತ್ತದೆ. ಈಗಿನ ರೂಟರುಗಳಲ್ಲಿ ಬಹುಪಾಲು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳನ್ನು (ಬ್ಯಾಂಡ್) ಕೊಡುತ್ತವೆ. 5 ವೇಗವಾದದ್ದು, ಆದರೆ ಗೋಡೆ ದಾಟುವುದರಲ್ಲಿ 2.4ರದೇ ಮೇಲುಗೈ. ಎರಡಕ್ಕೂ ಕಂಪನಿ ಇಟ್ಟ ಹೆಸರು ಅಂಕಿ, ಅಕ್ಷರ, ಅಡಿಗೆರೆಗಳ ಸರಮಾಲೆಯಾಗಿದ್ದು ಕೊನೆಯಲ್ಲಷ್ಟೇ ವ್ಯತ್ಯಾಸವಿದ್ದರೆ, ಪ್ರತಿ ಸಲವೂ ಪೂರ್ತಿ ಕೇಳಿದ ಮೇಲಲ್ಲದೆ ಯಾವುದು ಯಾವುದೆಂದು ತಿಳಿಯದು. ರೂಟರನ್ನು ಜೋಡಿಸಲು ಬಂದವರಿಂದಲೇ ಹೆಸರು ಬದಲಿಸಿಕೊಳ್ಳಿ. ನಮ್ಮಲ್ಲಿ ಒಂದರ ಹೆಸರು ಜಗಲಿ, ಇನ್ನೊಂದರದು ತೋಟ. ಮೊದಲ ಅಕ್ಷರಕ್ಕೇ ಗೊತ್ತಾಗುತ್ತದೆ.

ಕಡಿದದ್ದು ಎಲ್ಲಿ?

ರೂಟರಿನ ಆಚೆಗೆ ಇಂಟರ್ನೆಟ್ ಇದೆಯೇ ಎಂಬ ಮೂರನೆಯ ಪ್ರಶ್ನೆಗೆ ನಂಬಿಗಸ್ತ ಉತ್ತರ, ಒಂದು ವಿಳಾಸವನ್ನು ಕರೆದು ಅದು ಓಗೊಡುತ್ತದೆಯೇ ಎಂದು ನೋಡುವ ಪಿಂಗ್ ಆಜ್ಞೆಯಿಂದ ಸಿಗುತ್ತದೆ. ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಸಿ-ಎಂ-ಡಿ ಎಂದು ಟೈಪಿಸಿ ಎಂಟರ್ ಒತ್ತಿದರೆ ಆಜ್ಞೆಯ ಕಿಟಕಿ ತೆರೆಯುತ್ತದೆ. ಮೊದಲು ರೂಟರಿನ ವಿಳಾಸ ಬೇಕು. ಐ-ಪಿ-ಸಿ-ಒ-ಎನ್-ಎಫ್-ಐ-ಜಿ ಎಂದು ಕೊಟ್ಟರೆ ಬರುವ ಉತ್ತರದಲ್ಲಿ "ಡಿಫಾಲ್ಟ್ ಗೇಟ್‌ವೇ" ಎಂಬ ಸಾಲಿನಲ್ಲಿ ಅದಿರುತ್ತದೆ. ಅನೇಕ ಮನೆಗಳಲ್ಲಿ ಅದು 192.168.1.1. ಅದೇ ಉತ್ತರದಲ್ಲಿ ನಿಮ್ಮ ಯಂತ್ರದ ವಿಳಾಸ 169.254 ಎಂದು ಶುರುವಾಗಿದ್ದರೆ, ರೂಟರಿನಿಂದ ವಿಳಾಸವೇ ಸಿಕ್ಕಿಲ್ಲವೆಂದು ತಿಳಿದು ವೈಫೈಯನ್ನು ಒಮ್ಮೆ ಆರಿಸಿ ಹೊತ್ತಿಸಿ.

ಈಗ ಪಿಂಗ್ ಎಂದು ಟೈಪಿಸಿ, ಒಂದು ಖಾಲಿ ಜಾಗ ಬಿಟ್ಟು ರೂಟರಿನ ವಿಳಾಸ ಕೊಡಿ. ವಿಂಡೋಸ್ ನಾಲ್ಕು ಸಲ ಕರೆದು ನೋಡುತ್ತದೆ. "ರಿಪ್ಲೈ ಫ್ರಮ್" ಎಂದು ಕೇಳಿ, ಅದೇ ಸಾಲಿನಲ್ಲಿ ಮುಂದೆ ಮಿಲಿಸೆಕೆಂಡುಗಳ ಅಂಕಿಯೂ ಬಂದರೆ ರೂಟರಿನವರೆಗೆ ದಾರಿ ಸರಿ ಇದೆ. ಬಳಿಕ ಇದೇ ರೀತಿ 8.8.8.8 ಎಂಬ ವಿಳಾಸವನ್ನು ಕರೆಯಿರಿ; ಅದು ಗೂಗಲ್‌ನ ಸಾರ್ವಜನಿಕ ವಿಳಾಸ. ರೂಟರ್ ಓಗೊಟ್ಟು ಇದು ಓಗೊಡದೆ "ರಿಕ್ವೆಸ್ಟ್ ಟೈಮ್ಡ್ ಔಟ್" ಎಂದರೆ ತೊಂದರೆ ಮನೆಯ ಹೊರಗಿನ ತಂತಿಯಲ್ಲೋ ಸೇವೆ ಕೊಡುವವರಲ್ಲೋ ಇದೆ. ರೂಟರೇ ಓಗೊಡದಿದ್ದರೆ ತೊಂದರೆ ಮನೆಯೊಳಗಿನದು. ಎರಡೂ ಓಗೊಟ್ಟು ಜಾಲತಾಣಗಳು ಮಾತ್ರ ತೆರೆಯದಿದ್ದರೆ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಕೆಟ್ಟಿದೆ, ರೂಟರನ್ನು ಆರಿಸಿ ಹೊತ್ತಿಸಿದರೆ ಅದು ಸಾಮಾನ್ಯವಾಗಿ ಸರಿಹೋಗುತ್ತದೆ. "ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್" ಎಂಬ ಸಾಲು "ರಿಪ್ಲೈ ಫ್ರಮ್" ಎಂದೇ ಶುರುವಾಗಬಹುದು. ಆದ್ದರಿಂದ ಸಾಲನ್ನು ಕೊನೆಯವರೆಗೆ ಕೇಳಬೇಕು. ತಪ್ಪಿಹೋದ ಸಾಲನ್ನು ಮತ್ತೆ ಕೇಳಲು ಅಂಕಿಗಳ ಕೀಲಿಮಣೆಯ 7, 8, 9 ಇವೆ: ಹಿಂದಿನ ಸಾಲು, ಈಗಿನ ಸಾಲು, ಮುಂದಿನ ಸಾಲು.

ಹೋದಾಗ ಕೂಗುವಂತೆ ಮಾಡುವುದು

ಇಷ್ಟು ಹೊತ್ತು ಹೇಳಿದ್ದು ನಾವು ಹೋಗಿ ಕೇಳುವ ವಿಧಾನ. ಸಭೆಯ ನಡುವೆ ಮಾತಾಡುತ್ತಿರುವವನಿಗೆ ಅದು ಸಾಲದು. ವೈಫೈ ಕಡಿದಾಗಲೆಲ್ಲ ವಿಂಡೋಸ್ ತನ್ನ ದಿನಚರಿಯಲ್ಲಿ 8003 ಎಂಬ ಸಂಖ್ಯೆಯ ಘಟನೆಯನ್ನು ಬರೆದಿಡುತ್ತದೆ, ಸೇರಿದಾಗ 8001. ಈ ಬರಹಕ್ಕೆ ಒಂದು ಸದ್ದನ್ನು ಗಂಟು ಹಾಕಬಹುದು.

ಸ್ಟಾರ್ಟ್ ಮೆನುವಿನಲ್ಲಿ "ಟಾಸ್ಕ್ ಶೆಡ್ಯೂಲರ್" ಹುಡುಕಿ ತೆರೆಯಿರಿ. "ಆ್ಯಕ್ಷನ್" ಮೆನುವಿನಲ್ಲಿ "ಕ್ರಿಯೇಟ್ ಬೇಸಿಕ್ ಟಾಸ್ಕ್" ಆರಿಸಿ ಹೆಸರು ಕೊಡಿ. ಯಾವಾಗ ಎಂಬ ಪ್ರಶ್ನೆಗೆ "ವೆನ್ ಎ ಸ್ಪೆಸಿಫಿಕ್ ಇವೆಂಟ್ ಈಸ್ ಲಾಗ್ಡ್" ಎಂಬುದನ್ನು ಆರಿಸಿ. ಲಾಗ್ ಎಂಬ ಉದ್ದ ಪಟ್ಟಿಯಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ಡಬ್ಲ್ಯುಲ್ಯಾನ್, ಆಟೋಕಾನ್ಫಿಗ್, ಆಪರೇಷನಲ್ ಎಂಬ ಪದಗಳಿರುವ ಸಾಲನ್ನು ಹುಡುಕಬೇಕು. ಸೋರ್ಸ್ ಎಂಬಲ್ಲಿ ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್, ಇವೆಂಟ್ ಐಡಿ ಎಂಬಲ್ಲಿ 8003. ಮುಂದೆ "ಸ್ಟಾರ್ಟ್ ಎ ಪ್ರೋಗ್ರಾಂ" ಆರಿಸಿ, ಪ್ರೋಗ್ರಾಮಿನ ಪೆಟ್ಟಿಗೆಯಲ್ಲಿ ಪವರ್‌ಶೆಲ್ ಎಂದು ಒಂದೇ ಪದವಾಗಿ ಬರೆಯಿರಿ. ಆರ್ಗ್ಯುಮೆಂಟ್ಸ್ ಪೆಟ್ಟಿಗೆಗೆ ಹೈಫನ್ ಮತ್ತು ಸಿ, ಖಾಲಿ ಜಾಗ, ಚೌಕ ಆವರಣದೊಳಗೆ ಕನ್ಸೋಲ್, ಎರಡು ಕೋಲನ್, ಬೀಪ್, ದುಂಡು ಆವರಣದೊಳಗೆ 300, ಅಲ್ಪವಿರಾಮ, 800 ಎಂದು ಕೊಡಬೇಕು. 300 ಎಂಬುದು ಸ್ವರದ ಎತ್ತರ, 800 ಎಂಬುದು ಮಿಲಿಸೆಕೆಂಡುಗಳಲ್ಲಿ ಅದರ ಉದ್ದ. ಕೊನೆಯ ಪುಟದಲ್ಲಿ, ಮುಗಿಸಿದ ಮೇಲೆ ಗುಣವಿವರಗಳನ್ನು ತೆರೆ ಎಂಬ ಅರ್ಥದ ಚೌಕವನ್ನು ಗುರುತು ಹಾಕಿ "ಫಿನಿಶ್" ಒತ್ತಿ.

ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ ಎನ್ನುವಂಥ ಹೆಜ್ಜೆ ಈಗ ಬರುತ್ತದೆ. ತೆರೆದ ಕಿಟಕಿಯಲ್ಲಿ "ಕಂಡಿಷನ್ಸ್" ಎಂಬ ಹಾಳೆಗೆ ಹೋದರೆ, ಯಂತ್ರ ಕರೆಂಟಿನಲ್ಲಿ ಓಡುತ್ತಿದ್ದಾಗ ಮಾತ್ರ ಈ ಕೆಲಸವನ್ನು ಮಾಡು ಎಂಬ ಚೌಕ ಮೊದಲೇ ಗುರುತಾಗಿರುತ್ತದೆ. ಆ ಗುರುತನ್ನು ತೆಗೆಯಿರಿ. ಮಳೆಗಾಲದಲ್ಲಿ ಘಟ್ಟದ ಮೇಲಾಗಲಿ ಕೆಳಗಾಗಲಿ ವೈಫೈ ಹೋಗುವುದು ಹೆಚ್ಚಾಗಿ ಕರೆಂಟು ಹೋಗಿ ರೂಟರ್ ಆರಿದಾಗ. ಆಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿರುತ್ತದೆ, ಕೂಗಬೇಕಾದ ಕೆಲಸದಾಳು ಸರಿಯಾಗಿ ಅದೇ ಹೊತ್ತಿಗೆ ರಜೆ ಹಾಕಿರುತ್ತಾನೆ. ನಾನು ಇದನ್ನು ಕಂಡುಕೊಳ್ಳಲು ಎರಡು ವಾರ ಹಿಡಿಯಿತು. ಅಷ್ಟರವರೆಗೆ ಫ್ಯಾನು ನಿಂತ ಸದ್ದೇ ನನಗೆ ವೈಫೈ ಹೋದ ಸೂಚನೆಯಾಗಿತ್ತು.

ಇದೇ ರೀತಿ 8001ಕ್ಕೆ ಇನ್ನೊಂದು ಕೆಲಸ ಮಾಡಿ ಸ್ವರವನ್ನು 900ಕ್ಕೆ ಏರಿಸಿದರೆ, ತಗ್ಗಿದ ಸದ್ದು ಹೋದದ್ದಕ್ಕೆ, ಏರಿದ ಸದ್ದು ಬಂದದ್ದಕ್ಕೆ ಎಂದು ಕಿವಿ ಬೇಗ ಒಗ್ಗಿಕೊಳ್ಳುತ್ತದೆ. ಸದ್ದಿನೊಂದಿಗೆ ಪವರ್‌ಶೆಲ್ ಕಿಟಕಿಯೂ ಕ್ಷಣಕಾಲ ಬಂದು ಹೋಗುವುದರಿಂದ ಸ್ಕ್ರೀನ್ ರೀಡರ್ ಅದರ ಹೆಸರನ್ನು ಉಸುರಬಹುದು. ಈ ಏರ್ಪಾಡಿಗೂ ಒಂದು ಮಿತಿಯಿದೆ: ರೂಟರ್ ಉರಿಯುತ್ತಿದ್ದು ಹೊರಗಿನ ಫೈಬರ್ ಮಾತ್ರ ಕಡಿದರೆ 8003 ದಾಖಲಾಗುವುದಿಲ್ಲ, ಸದ್ದೂ ಬರುವುದಿಲ್ಲ. ಅದಕ್ಕೆಂದೇ ಮುಖ್ಯವಾದ ಸಭೆಗಳಲ್ಲಿ ನಾನು ಪ್ರತಿ ವಿಷಯದ ಕೊನೆಗೆ "ಕೇಳುತ್ತಿದೆಯೇ" ಎಂದು ಕೇಳುತ್ತೇನೆ. ಕೆಲವರಿಗೆ ಅದು ಕಿರಿಕಿರಿ, ಇರಲಿ.

ಮೊಬೈಲಿನಲ್ಲಿ

ಆಂಡ್ರಾಯ್ಡಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್‌ನಲ್ಲಿ ಪರದೆಯ ತುತ್ತತುದಿಯ ಮೇಲೆ ಬೆರಳನ್ನು ಮೆಲ್ಲನೆ ಅಡ್ಡಕ್ಕೆ ಸರಿಸಿದರೆ ಗಂಟೆ, ಬ್ಯಾಟರಿಗಳ ಜೊತೆ ವೈಫೈ ಎಷ್ಟು ಗೆರೆಗಳಿವೆ ಎಂಬುದನ್ನೂ ಓದುತ್ತದೆ. ಎರಡು ಬೆರಳುಗಳಿಂದ ಮೇಲಿನಿಂದ ಕೆಳಕ್ಕೆಳೆದು ತೆರೆಯುವ ತ್ವರಿತ ಸೆಟ್ಟಿಂಗ್ಸ್‌ನಲ್ಲಿ "ಇಂಟರ್ನೆಟ್" ಎಂಬ ಗುಂಡಿ ನೆಟ್‌ವರ್ಕಿನ ಹೆಸರನ್ನು ಹೇಳುತ್ತದೆ. ಆಂಡ್ರಾಯ್ಡ್ ಕೂಡ ವಿಂಡೋಸ್‌ನಂತೆಯೇ ಗೂಗಲ್‌ನ ವಿಳಾಸವೊಂದನ್ನು ತಟ್ಟಿ, 204 ಎಂಬ ಸಂಕೇತದ ಖಾಲಿ ಉತ್ತರ ಬಂದರೆ ಮಾತ್ರ ಇಂಟರ್ನೆಟ್ ಇದೆ ಎಂದು ಒಪ್ಪುತ್ತದೆ. ಐಫೋನಿನ ವಾಯ್ಸ್‌ಓವರ್‌ನಲ್ಲಿ ಮೇಲಿನ ಪಟ್ಟಿಯನ್ನು ಮುಟ್ಟಿ ಬಲಕ್ಕೆ ಸರಿಸುತ್ತ ಹೋದರೆ ಮೂರರಲ್ಲಿ ಎಷ್ಟು ಗೆರೆ ಎಂದು ಕೇಳುತ್ತದೆ. ಅಲ್ಲಿಂದಲೇ ಮೂರು ಬೆರಳುಗಳನ್ನು ಮೇಲಕ್ಕೆ ಸರಿಸಿದರೆ ಕಂಟ್ರೋಲ್ ಸೆಂಟರ್ ತೆರೆಯುತ್ತದೆ. ಮೊಬೈಲಿನಲ್ಲಿ ಸ್ವಂತ ಡೇಟಾ ಇರುವುದರಿಂದ ವೈಫೈ ಹೋದರೂ ಕೆಲಸ ನಿಲ್ಲದೆ, ಹೋದದ್ದೇ ತಿಳಿಯದೆ ಡೇಟಾ ಖರ್ಚಾಗುವುದು ಇಲ್ಲಿನ ಬೇರೆಯೇ ತಲೆನೋವು.

ರೂಟರಿನ ದೀಪಗಳು

ಫೈಬರ್ ರೂಟರಿನ ಮುಂಭಾಗದಲ್ಲಿ ಸಾಮಾನ್ಯವಾಗಿ ಪಾನ್ ಮತ್ತು ಎಲ್‌ಒಎಸ್ ಎಂಬ ದೀಪಗಳಿರುತ್ತವೆ. ಎಲ್‌ಒಎಸ್ ಕೆಂಪಾಗಿ ಮಿನುಗಿದರೆ ಬೆಳಕಿನ ಸಿಗ್ನಲ್ ಬರುತ್ತಿಲ್ಲ, ಅಂದರೆ ತಂತಿ ಎಲ್ಲೋ ಕಡಿದಿದೆ ಅಥವಾ ಮಡಚಿದೆ. ಇದಕ್ಕೆ ಯಾವ ಸ್ಕ್ರೀನ್ ರೀಡರೂ ಉತ್ತರ ಕೊಡದು. ಮನೆಯಲ್ಲಿ ನೋಡುವವರಿಲ್ಲದಿದ್ದರೆ ಮೊಬೈಲ್ ಡೇಟಾ ಹಾಕಿಕೊಂಡು ಬಿ ಮೈ ಐಸ್ ಎಂಬ ಉಚಿತ ಆ್ಯಪ್‌ನಲ್ಲಿ ಸ್ವಯಂಸೇವಕರೊಬ್ಬರಿಗೆ ವೀಡಿಯೊ ಕರೆ ಮಾಡಿ ದೀಪದ ಬಣ್ಣವನ್ನು ಕೇಳಬಹುದು. ಮೊದಲ ದಿನವೇ ಯಾರಿಂದಲಾದರೂ ದೀಪಗಳ ಕ್ರಮವನ್ನು ಕೇಳಿ, ಎಡದಿಂದ ಎಷ್ಟನೆಯದು ಯಾವುದು ಎಂದು ಬರೆದಿಟ್ಟುಕೊಂಡಿದ್ದರೆ ಆ ಕರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ದೂರು ಕೊಡುವಾಗ "ನೆಟ್ ಬರುತ್ತಿಲ್ಲ" ಎಂದಷ್ಟೇ ಹೇಳಿದರೆ, ರೂಟರ್ ಆರಿಸಿ ಹೊತ್ತಿಸಿ ಎಂಬ ಉತ್ತರದಲ್ಲೇ ಅರ್ಧ ದಿನ ಕಳೆದುಹೋಗುತ್ತದೆ. "ಲ್ಯಾಪ್‌ಟಾಪ್ ವೈಫೈಗೆ ಸೇರಿದೆ, ಸಿಗ್ನಲ್ 92 ಇದೆ, ರೂಟರ್ ಪಿಂಗ್‌ಗೆ ಓಗೊಡುತ್ತಿದೆ, 8.8.8.8 ಓಗೊಡುತ್ತಿಲ್ಲ, ಎಲ್‌ಒಎಸ್ ಕೆಂಪಾಗಿದೆ" ಎಂದು ಒಂದೇ ಸಲಕ್ಕೆ ಹೇಳಿ ನೋಡಿ. ನಾನು ಹೀಗೆ ಹೇಳಲು ಶುರುಮಾಡಿದ ಮೇಲೆ ಲೈನ್‌ಮನ್ ಕೇಳುವುದು ಒಂದೇ ಪ್ರಶ್ನೆ: ಮರ ಬಿದ್ದದ್ದು ನಿಮ್ಮ ತೋಟದಲ್ಲೋ, ರಸ್ತೆಯಲ್ಲೋ?